ಅಜ್ಜಿಯ ತಾಯಿಯ ಹೆಸರು

ಸೌದಿ ಅರೇಬಿಯಾದ ಅಭಾ ಪಟ್ಟಣದಲ್ಲಿ ಭಟ್ಕಳದ ಅಬ್ದುಲ್ ಸಾಹೇಬರ ಬಟ್ಟೆಯಂಗಡಿಯಲ್ಲಿ ಕೂತಿದ್ದೆ. ಪರದೆ ಬಟ್ಟೆಗೆ ಬಂದ ಅಮೆರಿಕದ ನರ್ಸ್ ತಮ್ಮ ಮಹಿಳಾ ಸಂಘದ ಮಾತೆತ್ತಿದರು. ಅವರ ದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದವರ ವಂಶದವರಿಗಷ್ಟೇ ಅಲ್ಲಿ ಪ್ರವೇಶವಂತೆ. ಇವರು ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹಿಂದೆ ಹೋಗಿ ಒಬ್ಬ ಸಿಪಾಯಿಯನ್ನು ಹುಡುಕಿದ್ದರು.

ಸಾಹೇಬರಿಗೂ ಹುರುಪು ಬಂತು. ಅರಬರ ಹಡಗಿನಲ್ಲಿ ಭಟ್ಕಳಕ್ಕೆ ಬಂದ ಮೂಲಪುರುಷನವರೆಗೆ ಅಜ್ಜಂದಿರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

"ಯಾರು ಕಲಿಸಿದ್ದು?" ನರ್ಸ್ ಕೇಳಿದರು.

"ನನ್ನ ಅಜ್ಜಿ."

"ಅವರ ತಾಯಿಯ ಹೆಸರು?"

ಬಟ್ಟೆ ಅಳೆಯುತ್ತಿದ್ದ ಸಾಹೇಬರು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಅಳೆಯತೊಡಗಿದರು.

ನಾನು ರಜೆಗೆ ಊರಿಗೆ ಹೊರಡುವಾಗ ಸಾಹೇಬರು ಮನೆಯವರಿಗೆಂದು ತಮ್ಮ ಮಾತು ತುಂಬಿಸಿದ ಕ್ಯಾಸೆಟ್ ಕೊಟ್ಟರು. "ಒಂದೇ ಪ್ರಶ್ನೆ ಉಂಟು ಮಾರಾಯ್ರೆ. ಅಜ್ಜಿಯ ಮಕ್ಕಳಲ್ಲಿ ಉಳಿದವರು ನಮ್ಮ ಅತ್ತೆ ಒಬ್ಬರೇ, ಅವರು ಇರುವಾಗಲೇ ಮುಟ್ಟಿಸಿ."