ಮೂವತ್ತು ಸಾವಿರದ ಮೂವತ್ತೊಂದರ ಮೇಷ್ಟ್ರು

ಮನೆಪಾಠದ ಮೇಷ್ಟ್ರಿಗೆ ಬೀದಿಯವರು ಇಟ್ಟ ಅಡ್ಡಹೆಸರು 'ಅವಿಭಾಜ್ಯ'. ಅದು ಹೊಗಳಿಕೆಯೆಂದು ನಂಬಿದ್ದವರು ಅವರೊಬ್ಬರೇ.

ಇಪ್ಪತ್ತೆರಡು ವರ್ಷಗಳಿಂದ ಅವರ ಕರಿಹಲಗೆಯ ಮೇಲ್ತುದಿಯಲ್ಲಿ ಒಂದೇ ಸಂಖ್ಯೆ: 30031. ಯಾರೂ ಒರೆಸುವಂತಿಲ್ಲ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇಷ್ಟನ್ನೂ ಗುಣಿಸಿ ಒಂದು ಕೂಡಿಸಿದರೆ ಬರುವ ಸಂಖ್ಯೆ ಅದು. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ನಿಜ. ಆದ್ದರಿಂದ ಜಗತ್ತಿನ ಇನ್ಯಾವ ಸಂಖ್ಯೆಯೂ ಅದನ್ನು ಭಾಗಿಸಲಾರದು ಎಂಬುದು ಮಾತ್ರ ಮೇಷ್ಟ್ರ ಸ್ವಂತ ಸೇರ್ಪಡೆ. ಹದಿಮೂರರಾಚೆ ಒಂದು ಹೆಜ್ಜೆ ಇಟ್ಟು ನೋಡಲು ಆ ಪುಣ್ಯಾತ್ಮರಿಗೆ ಪುರುಸೊತ್ತಾಗಿರಲಿಲ್ಲ. ಮೀಸೆ ತಿರುವಲು ಬೇಕಾದಷ್ಟಿತ್ತು.

ಹೊಲಿಗೆ ಅಂಗಡಿಯವಳ ಮಗಳು ನೋಡಿದಳು. ಜ್ವರ ಬಂದು ಮಲಗಿದ್ದಾಗ, ಬೇಸರ ಕಳೆಯಲು, ಹದಿನೇಳರಿಂದ ಶುರುಮಾಡಿ ಒಂದೊಂದಾಗಿ ಭಾಗಿಸುತ್ತ ಹೋದಳು. ಐವತ್ತೊಂಬತ್ತಕ್ಕೆ ಬಂದಾಗ ಶೇಷ ಸೊನ್ನೆ! ಐವತ್ತೊಂಬತ್ತು ಸಲ ಐನೂರ ಒಂಬತ್ತು. ಪಾಠದಲ್ಲಿ ಹಾಗೆಂದು ಹೇಳಿದ್ದಕ್ಕೆ ಮೇಷ್ಟ್ರು ಅವಳ ಚೀಲವನ್ನು ಬಾಗಿಲಾಚೆ ಇಟ್ಟು, "ನಿಮ್ಮಮ್ಮನ್ನ ಕರ್ಕೊಂಡ್ ಬಾ" ಎಂದರು. ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು. ಹುಡುಗಿಗೆ ರೇಖಾಗಣಿತ ತಲೆಗೆ ಹತ್ತದು; ಅದನ್ನು ಮಾತ್ರ ಈ ಮನುಷ್ಯ ಚೆನ್ನಾಗಿ ಹೇಳಿಕೊಡುತ್ತಿದ್ದರು. ಸುತ್ತಮುತ್ತ ಬೇರೆ ಮನೆಪಾಠವೂ ಇರಲಿಲ್ಲ.

ತಾಯಿ ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯದೆಯೇ ಬಂದಳು.

"ನೋಡೀಮ್ಮಾ, ದೊಡ್ಡ ದೊಡ್ಡೋರು ಒಪ್ಪಿರೋ ಸಂಖ್ಯೆ ಇದು," ಎಂದರು ಮೇಷ್ಟ್ರು.

"ಹೌದಾ ಸಾರ್? ಹಾಗಾದ್ರೆ ಇದನ್ನೊಂದ್ಸಲ ಗುಣಿಸ್ಬಿಡಿ." 59 × 509 ಎಂದು ಮಗಳು ಬರೆದಿದ್ದ ಚೀಟಿ ಮುಂದಿಟ್ಟಳು.

ಮೇಷ್ಟ್ರ ತುಟಿ ಅಲ್ಲಾಡಿತು. ಒಂಬತ್ತೊಂಬತ್ಲ ಎಂಬತ್ತೊಂದು. ಕಿವಿ ಕೆಂಪಾಯಿತು. ಚೀಟಿ ಮಡಚಿ ಜೇಬಿಗಿಳಿಸಿದರು.

"ಅದೇನೇ ಇರ್ಲಿ, ಚಿಕ್ಕೋರು ದೊಡ್ಡೋರಿಗೆ ಎದುರಾಡ್ಬಾರ್ದು. ಕ್ಷಮೆ ಕೇಳ್ಲಿ."

"ಯಾರ್ನ ಕೇಳ್ಬೇಕು ಸಾರ್? ಐವತ್ತೊಂಬತ್ತನ್ನಾ?"

ಮಕ್ಕಳು ಕಿಸಕ್ಕೆಂದರು. ಮೇಷ್ಟ್ರು ಕೆಮ್ಮಿದರು. "ಸರಿ ಸರಿ, ಹಿಂದಿನ ಬೆಂಚು. ಬಾಯಿ ಮುಚ್ಕೊಂಡಿರ್ಬೇಕು."

ಆಮೇಲೆ ಗಂಭೀರವಾಗಿ ಹಲಗೆ ಒರೆಸಿದರು. "ಹಳೇದು ಸ್ವಲ್ಪ ಚಿಕ್ಕದಾಯ್ತು, ಅಷ್ಟೇ," ಎನ್ನುತ್ತ ಹದಿನೇಳನ್ನೂ ಸೇರಿಸಿ ಗುಣಿಸಿ, ಒಂದು ಕೂಡಿಸಿ, 510511 ಎಂದು ದಪ್ಪಗೆ ಬರೆದರು. ಎದೆ ಮತ್ತೆ ಉಬ್ಬಿತು.

ಹುಡುಗಿ ಅಂಗೈ ಮೇಲೆ ಪೆನ್ನಿನಿಂದ ಏನೋ ಗೀಚಿ ತಾಯಿಯ ಕಿವಿಗೆ ಬಾಗಿದಳು. "ಅಮ್ಮಾ, ಇದು ಹತ್ತೊಂಬತ್ತರಿಂದ್ಲೇ ಭಾಗ ಹೋಗುತ್ತೆ ಕಣಮ್ಮಾ!"

ತಾಯಿ ಆ ಉಬ್ಬಿದ ಎದೆಯನ್ನು ಟೇಪು ಹಿಡಿದು ಅಳೆಯುವವಳಂತೆ ನೋಡಿದಳು. ಕೆಲಸದಲ್ಲಿ ಇಷ್ಟು ಸೋಮಾರಿಯಾದವನ ಕೈಗೆ ಅವಳು ಒಂದು ಗುಂಡಿ ಹಾಕಲೂ ಅಂಗಿ ಕೊಡುತ್ತಿರಲಿಲ್ಲ.

"ಪರೀಕ್ಷೆ ಮುಗೀಲಿ ಕಂದಾ, ಆಮೇಲೆ ಬೀದಿಗೆಲ್ಲ ಕೇಳೋ ಹಾಗೆ ಹೇಳು," ಎಂದು ಮೆಲ್ಲನೆ ಹೇಳಿ, ಮಗಳ ಅಂಗೈಯನ್ನು ತನ್ನ ಸೆರಗಿನಿಂದ ಒರೆಸಿದಳು. "ಈಗ ಹೋಗಿ ಆ ವೃತ್ತದ ಪ್ರಮೇಯ ಕಲ್ತ್ಕೋ."