ನಿರ್ಮಲಕ್ಕ ಸಾಲು ಕೊಡುತ್ತಿದ್ದರು

ತಿರುವನಂತಪುರದಲ್ಲಿ ಕನ್ನಡ ಆರಾಧನೆ ತಿಂಗಳಿಗೆ ಒಂದೇ ಸಲ, ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ. ಒಂದು ಮಲಯಾಳಂ ಕ್ರೈಸ್ತ ಸಭೆಯವರು ತಮ್ಮ ದೇವಾಲಯದ ಹಿಂದಿನ ಸಭಾಂಗಣವನ್ನು ನಮಗೆ ಬಿಟ್ಟುಕೊಡುತ್ತಾರೆ. ಬ್ಯಾಂಕಿಗೆ, ಕೇಂದ್ರ ಸರಕಾರದ ಕಚೇರಿಗಳಿಗೆ ವರ್ಗವಾಗಿ ಬಂದವರು, ಹೆಚ್ಚೆಂದರೆ ಇಪ್ಪತ್ತು ಕುಟುಂಬ. ಆರ್ಗನ್ ಇಲ್ಲ, ಗಾಯಕವೃಂದ ಇಲ್ಲ. ನಿರ್ಮಲಕ್ಕ ಇದ್ದರು.

ನಿರ್ಮಲ ಹೊಸಮನಿ ಬೆಟಗೇರಿಯವರು, ನೇಕಾರರ ಮಗಳು. ಬ್ಯಾಂಕಿನ ಗುಮಾಸ್ತೆಯಾಗಿ ಇಲ್ಲಿಗೆ ಬಂದರು. ಗಂಡ ವಸಂತ ಅವರಿಗೆ ಇದೇ ನಗರದ ಶ್ರೀಕಾರ್ಯಂನ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ನಿವೃತ್ತರಾದ ಮೇಲೂ ಇಬ್ಬರೂ ಇಲ್ಲೇ ಉಳಿದರು. ಬೆಟಗೇರಿಯ ಸಂಜೆ ಪ್ರಾರ್ಥನೆಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬರುತ್ತಿರಲಿಲ್ಲವಂತೆ. ಅವರ ತಂದೆ ಕೀರ್ತನೆಯ ಒಂದು ಸಾಲನ್ನು ಜೋರಾಗಿ ಹೇಳಿ ರಾಗ ಎತ್ತುತ್ತಿದ್ದರು, ಸಭೆ ಆ ಸಾಲನ್ನು ಹಾಡುತ್ತಿತ್ತು, ಆಮೇಲೆ ಮುಂದಿನ ಸಾಲು. ಅದಕ್ಕೆ ಸಾಲು ಕೊಡುವುದು ಎನ್ನುತ್ತಿದ್ದರು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಅಕ್ಷರ ಬಾರದು. ಹೀಗಾಗಿ ತಂದೆಯ ಕೆಲಸ ಮಗಳ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷ ಅವರು ಅದನ್ನು ಮಾಡಿದರು.

ಸಾಲು ಹೇಳುವುದು ಯಾರಿಂದಲೂ ಆದೀತು. ನಿರ್ಮಲಕ್ಕ ಹಾಡು ಎತ್ತುವ ಮೊದಲು ಒಮ್ಮೆ ಎಲ್ಲರ ಮುಖ ನೋಡುತ್ತಿದ್ದರು. ಹಿರಿಯರಾದ ರಾಮದಾಸರಿಗೆ ಉಬ್ಬಸ. ಅವರು ಬಂದಿದ್ದರೆ ಶ್ರುತಿ ಒಂದು ಸ್ವರ ಕೆಳಗೆ. ಚಿಕ್ಕ ಮಕ್ಕಳು ಹೆಚ್ಚಿದ್ದರೆ ಉದ್ದದ ಸಾಲನ್ನು ಎರಡು ತುಂಡು ಮಾಡುತ್ತಿದ್ದರು. ಯಾರೋ ಹಿಂದೆ ಬಿದ್ದರೆ ಅವರು ಬಂದು ಸೇರುವವರೆಗೆ ಕೊನೆಯ ಸ್ವರವನ್ನು ಹಿಡಿದು ನಿಲ್ಲುತ್ತಿದ್ದರು. ತಿಂಗಳ ನಾಲ್ಕನೆಯ ಶನಿವಾರ ರೈಲು ಹತ್ತಿ ಕೊಚ್ಚಿಗೆ ಹೋಗಿ, ಅಲ್ಲಿನ ಕನ್ನಡದವರ ಕೂಟಕ್ಕೂ ಸಾಲು ಕೊಟ್ಟು ಬರುತ್ತಿದ್ದರು.

ಮೂರು ವರ್ಷದ ಹಿಂದೆ ಅವರ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಉಳ್ಳೂರಿನ ಬಳಿಯ ಒಂದು ಆಸ್ಪತ್ರೆಯಲ್ಲಿ ತೋರಿಸಿದರು. ಅವರು ಕೇಳಿದ್ದು ಒಂದೇ: ಹಾಡಬಹುದೇ? ದನಿಯ ನರಕ್ಕೆ ಗಡ್ಡೆ ಅಂಟಿಕೊಂಡಿದೆ, ತೆಗೆಯದೆ ಬಿಡುವಂತಿಲ್ಲ, ದನಿಯ ಬಗ್ಗೆ ಮಾತು ಕೊಡಲಾರೆ ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಕೊಚ್ಚಿಯ ಕೂಟ ನಡೆಸುವ ಯಶವಂತ್ ಉಡುಪಿಯವನು, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ. ಸುದ್ದಿ ತಿಳಿದು ಓಡಿ ಬಂದ. ಆಪರೇಷನ್ನಿಗೆ ಮೊದಲು ಹಾಡುಗಳನ್ನು ರೆಕಾರ್ಡ್ ಮಾಡಿಡೋಣ, ನೀವು ಗುಣವಾಗಿ ಬರುವವರೆಗೆ ಮಾತ್ರ ಎಂದ. ಅವರು ಸಂತೋಷದಿಂದಲೇ ಒಪ್ಪಿದರು. ಕಾಕ್ಕನಾಡಿನ ಅವನ ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಎರಡು ದಿನ ಬೆವರುತ್ತ ನಲವತ್ತೆರಡು ಕೀರ್ತನೆ ಹಾಡಿದರು. ನೋಡಲು ಎದುರಿಗೆ ಮುಖಗಳಿರಲಿಲ್ಲ. ಪ್ರತಿ ಸಾಲಿನ ನಂತರ ಎಷ್ಟು ಕಾಯಬೇಕೆಂದು ಯಶವಂತ್ ಬೆರಳು ಎಣಿಸಿ ತೋರಿಸಿದ.

ಗಡ್ಡೆ ಹೋಯಿತು. ದನಿಯೂ ಹೋಯಿತು. ನಾಲ್ಕು ತಿಂಗಳ ಮೇಲೆ ಏನೋ ಒಂದು ಮರಳಿ ಬಂತು, ತಗಡಿನ ಮೇಲೆ ಮರಳು ಎಳೆದಂತೆ. ಮೇಲಿನ ಸ್ವರಗಳು ಇಲ್ಲವೇ ಇಲ್ಲ. ಆದರೂ ಅವರು ದಿನವೂ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದರು. ವಸಂತ ಅವರೇ ಸಭೆ. ತೀರ ಕೆಳಗಿನ ಶ್ರುತಿಯಲ್ಲಿ ಹದಿನೇಳು ಕೀರ್ತನೆಗಳನ್ನು ನಡೆಸಬಹುದೆಂದು ಕಂಡುಕೊಂಡು, ಅವುಗಳ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಎಂಟನೆಯ ತಿಂಗಳು ಆರಾಧನೆಗೆ ಬಂದರು.

ನಾವು ಎದ್ದುನಿಂತು ಚಪ್ಪಾಳೆ ತಟ್ಟಿದೆವು. ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಅಂದು ಕೊಚ್ಚಿಯಿಂದ ಬಂದಿದ್ದ ಯಶವಂತ್ ಫೋನ್ ಒತ್ತಿದ, ಸ್ಪೀಕರಿನಿಂದ, ಇಷ್ಟು ತಿಂಗಳೂ ನಮಗೆ ಸಾಲು ಕೊಟ್ಟಿದ್ದ ಅವರ ಹಳೆಯ ದನಿ ಬಂತು. ಮೊದಲನೆಯ ಹಾಡಿಗೆ ಅವರು ನಗುತ್ತ ಕೂತಿದ್ದರು, ತಮ್ಮನ್ನು ಗೌರವಿಸಲೆಂದು ಹಾಕಿದ್ದಾರೆ ಎಂದುಕೊಂಡಿರಬೇಕು. ಎರಡನೆಯ ಹಾಡಿಗೂ ಅದೇ ದನಿ ಬಂದಾಗ ಎದ್ದು ತಾವೇ ಸಾಲು ಹೇಳತೊಡಗಿದರು. ಎರಡು ದನಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಜನ ಸ್ಪೀಕರಿನ ಕಡೆಗೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಕಲ್ಯಾಣಿ, ಹುಬ್ಬಳ್ಳಿಯವರು, ಇಷ್ಟು ವರ್ಷದ ಗೆಳತಿ, ಅವರ ಕೈ ಹಿಡಿದು ಕೂರಿಸಿದರು.

“ಸುಮ್ನ ಕೇಳ್ರಿ ಅಕ್ಕಾರ. ನಿಮ್ಮ ದನಿನ ಐತಲ್ಲ.”

ಆರಾಧನೆ ಮುಗಿದು ಚಾಯ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಹಂಚುವಾಗ ಅವರು ಯಶವಂತನಿಗೆ ಚೀಟಿ ತೋರಿಸಿದರು.

“ಅದನ್ನ ಅಳಿಸಿಬಿಡು ಯಶವಂತಾ. ನಾ ಬಂದೀನಲ್ಲ.”

“ಅಳಿಸುವುದಾ? ಅದು ಈಗ ಸಭೆಯದ್ದು ಮಾರಾಯ್ರೆ. ಕೊಚ್ಚಿಯಲ್ಲಿ ಎಲ್ಲ ಅದರಲ್ಲೇ ನಡೀತದೆ.”

“ನಾ ಕೆಳಗ ಹಿಡೀತೀನಿ. ನೀವು ಒಂಚೂರು ಇಳೀಬೇಕು, ಅಷ್ಟ.”

“ಅಷ್ಟು ಕೆಳಗೆ ಹಾಡಿದ್ರೆ ಸಾವಿನ ಮನೆಯ ಹಾಗೆ ಕೇಳ್ತದೆ ಅಕ್ಕ.” ಅವನು ನಕ್ಕ. ಕೆಲವರು ನಕ್ಕರು. “ದೇವರಿಗೆ ಒಳ್ಳೆಯದನ್ನೇ ಕೊಡಬೇಕಲ್ವಾ?”

“ಇಪ್ಪತ್ತೆರಡು ವರ್ಷ ನಿಮ್ಮ ಗಂಟಲಾ ನೋಡಿ ಶ್ರುತಿ ಇಳಿಸೀನಿ. ಆವಾಗ ದೇವರಿಗೆ ಕೆಟ್ಟದ್ದು ಹೋತೇನು?”

ರಾಮದಾಸರು ಚಾಯದ ಲೋಟದೊಳಗೆ ನೋಡುತ್ತಿದ್ದರು. ರೆಕಾರ್ಡಿನ ಶ್ರುತಿ ಅವರಿಗೆ ಎಟುಕುತ್ತಿರಲಿಲ್ಲ, ಅವರು ಹಾಡುವುದನ್ನು ಬಿಟ್ಟು ಆಗಲೇ ತಿಂಗಳುಗಳಾಗಿದ್ದವು. ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮಕ್ಕಳಿಗೆ ರೆಕಾರ್ಡು ಅನುಕೂಲ ಎಂದು ನನಗೂ ಅನ್ನಿಸಿತ್ತು.

ಆಮೇಲೆ ಐದು ತಿಂಗಳು ನಿರ್ಮಲಕ್ಕ ಬಂದು ಬಾಯಿ ಮುಚ್ಚಿ ಕೂತರು. ರೆಕಾರ್ಡು ಯಾರಿಗೂ ಕಾಯುವುದಿಲ್ಲ. ಹಿಂದೆ ಬಿದ್ದವರು ಅರ್ಧದಲ್ಲೇ ನಿಲ್ಲಿಸಿದರು, ಮಕ್ಕಳು ಒಬ್ಬೊಬ್ಬರಾಗಿ ತುಟಿ ಆಡಿಸುವುದನ್ನೂ ಬಿಟ್ಟರು. ಹಾಡು ಮಾತ್ರ ಒಂದು ಸ್ವರವೂ ತಪ್ಪದೆ ನಡೆಯುತ್ತಿತ್ತು.

ಆರನೆಯ ತಿಂಗಳು ಅವರು ಬರಲಿಲ್ಲ. ಅದೇ ಸಂಜೆ ಕೊಚ್ಚಿಯಲ್ಲೂ ವಿಶೇಷ ಕೂಟವಿತ್ತು. ಎರಡೂ ಊರುಗಳಲ್ಲಿ ಅವರ ದನಿ ಹಾಡುತ್ತಿದ್ದಾಗ ಅವರು ಶ್ರೀಕಾರ್ಯಂನ ಮನೆಯಲ್ಲಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ಮುಗಿದ ಮೇಲೆ ಕಲ್ಯಾಣಿ ಯಾವುದೋ ಅಡುಗೆಯ ವಿಷಯ ಕೇಳಲು ಫೋನ್ ಮಾಡಿ, ಮಾತಿನ ನಡುವೆ, “ಇವತ್ತು ಭಾಳ ಚಲೋ ಹಾಡಿದ್ರಿ ಅಕ್ಕಾರ,” ಎಂದರು.

“ನಾ ಬಂದಿದ್ದಿಲ್ಲ ಕಲ್ಯಾಣಿ.”

“ಹೌದೇನ್ರಿ?” ಎಂದರಂತೆ ಕಲ್ಯಾಣಿ.

ಇದನ್ನು ನನಗೆ ಹೇಳಿದವರು ವಸಂತ. ನಿರ್ಮಲಕ್ಕ ನಮ್ಮ ಆರಾಧನೆಗೆ ಮತ್ತೆ ಬರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಮನೆಯ ಹತ್ತಿರದ ಮಲಯಾಳಂ ಆರಾಧನೆಗೆ ಹೋಗುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತ, ಕೊನೆಯ ಬೆಂಚಿನಲ್ಲಿ ಒರಟು ದನಿಯಲ್ಲಿ ಗಟ್ಟಿಯಾಗಿಯೇ ಹಾಡುತ್ತಾರಂತೆ. ಅಲ್ಲಿ ಯಾರೂ ತಡೆಯುವುದಿಲ್ಲ. ಅವರ ಹಳೆಯ ದನಿಯನ್ನು ಅಲ್ಲಿ ಯಾರೂ ಕೇಳಿಲ್ಲ.