ರಾಷ್ಟ್ರಪತಿಗಳ ಪರವಾಗಿ ಹಾಕಿದ ಕೀಲಿ

ಕೇಶ್ವಾಪುರದ ಆಚೆ ಕೇಂದ್ರ ಸರಕಾರದ ಒಂದು ಉಗ್ರಾಣವಿದೆ. ಅದರ ಅಂಗಳವನ್ನು ಇಪ್ಪತ್ತೆಂಟು ವರ್ಷ ಗುಡಿಸಿದವಳು ಸಾವಂತ್ರೆವ್ವ. ಐವತ್ತು ದಾಟಿದ ಮೇಲೆ ಸಂಜೆ ಸಾಲಿಯಲ್ಲಿ ಅಕ್ಷರ ಕಲಿತಳು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ, ಆದರೆ ಒಂದನ್ನೂ ಬಿಡುವುದಿಲ್ಲ.

ಉಗ್ರಾಣದ ಹಿಂದಿನ ಗೇಟು ದಾಟಿದರೆ ಅವರ ಓಣಿಯ ಸ್ಮಶಾನ. ಗಂಡ ಅರ್ಜುನಪ್ಪನನ್ನು ಆ ದಾರಿಯಲ್ಲೇ ಒಯ್ದು ಮಣ್ಣು ಮಾಡಿದ್ದರು. ಹೋದ ಯುಗಾದಿಯ ಹೊತ್ತಿಗೆ ಆ ಗೇಟಿಗೆ ಕೀಲಿ ಬಿತ್ತು. ಈಗ ಹೆಣ ಹೊತ್ತವರು ಬೈಪಾಸ್ ಹಿಡಿದು ಮೂರು ಕಿಲೋಮೀಟರ್ ಸುತ್ತಬೇಕು. ನೆಗೆಣ್ಣಿ ಶಿವಲಿಂಗವ್ವನನ್ನು ಲಾರಿಗಳ ನಡುವೆ ಒಯ್ಯುವಾಗ ಹಿಂದಿನಿಂದ ಒಬ್ಬ ಡ್ರೈವರ್ ಹಾರ್ನ್ ಹೊಡೆದ. ಆ ಸದ್ದು ಸಾವಂತ್ರೆವ್ವನ ಕಿವಿಯಿಂದ ಹೋಗಲೇ ಇಲ್ಲ.

ಗೇಟಿನ ಮೇಲಿನ ಫಲಕವನ್ನು ಬಿಸಿಲಲ್ಲಿ ನಿಂತು ಓದಿದಳು: ‘ಭಾರತದ ರಾಷ್ಟ್ರಪತಿಗಳ ಪರವಾಗಿ, ಪ್ರವೇಶ ನಿಷೇಧಿಸಲಾಗಿದೆ.’ ಹಾಗಾದರೆ ಬಂದ್ ಮಾಡಿಸಿದವರು ಅವರೇ. ದಿಲ್ಲಿಗೆ ಬರೆದಳು: ನೀವು ಹಾಕಿಸಿದ ಕೀಲಿ ನೀವೇ ತೆಗೆಸಬೇಕು.

ತಮ್ಮನ ಮಗಳು ಯಶೋಧರಾ ಸಾಲಿ ಟೀಚರು. ಕೇಳಿ ನಕ್ಕಳು.

"ಅತ್ತಿ, ಅವರಿಗೆ ನಿನ್ನ ಗೇಟು ಎಲ್ಲಿ ಗೊತ್ತು? ಎಲ್ಲಾ ಅವರ ಹೆಸರಿಲೇ ನಡೀತೈತಿ. ಮಂತ್ರಿಗೋಳು ಹೇಳಿದಂಗ ಅವರು ಸಹಿ ಮಾಡೂದು."

"ಬ್ಯಾಡ ಅನ್ನಾಕ ಬರೂದಿಲ್ಲೇನು?"

"ಕಾಯ್ದೆದ ಕಾಗದ ಬಂದ್ರ, ವಿಚಾರ ಮಾಡ್ರಿ ಅಂತ ಒಮ್ಮೆ ತಿರುಗಿ ಕಳಿಸಬಹುದು. ಮತ್ತ ಬಂತಂದ್ರ ಸಹಿ ಮಾಡಾಕ ಬೇಕು. ಆದ್ರ ಮೊದಲನೇ ಸಲಕ್ಕ ಇಷ್ಟ ದಿನ ಅಂತ ವಾಯಿದೆ ಇಲ್ಲ. ಇಟ್ಕೊಂಡು ಕುಂತ್ರ ಕೇಳಾವರಿಲ್ಲ."

ಸಾವಂತ್ರೆವ್ವನಿಗೆ ಸಿಟ್ಟು ನೆತ್ತಿಗೇರಿತು. "ಹೆಸರು ಅವರದು, ಕೀಲಿ ಇನ್ನೊಬ್ಬಾಂವ ಹಾಕ್ತಾನ. ನನ್ನ ಹೆಸರು ಹೇಳಿ ಯಾರರ ಓಣ್ಯಾಗ ಬೈದು ಬಂದ್ರ ನಾ ಸುಮ್ಮನಿರ್ತೇನೇನು?"

ಎರಡು ತಿಂಗಳಿಗೆ ದಿಲ್ಲಿಯಿಂದ ಉತ್ತರ ಬಂತು. ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಕಳಿಸಲಾಗಿದೆ. ಸಂಬಂಧಪಟ್ಟವರೆಂದರೆ ಉಗ್ರಾಣದ ಸಾಹೇಬ ಶಶಿಕುಮಾರ. ಕೀಲಿ ಹಾಕಿಸಿದವನೂ ಅವನೇ.

ಶಶಿಕುಮಾರ ಮನೆಗೇ ಬಂದ. ಇಷ್ಟು ವರ್ಷದಲ್ಲಿ ಯಾವ ಸಾಹೇಬನೂ ಆ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟಿರಲಿಲ್ಲ. ದಿಲ್ಲಿಯ ಮೊಹರು ಅಷ್ಟು ಮಾತ್ರ ಮಾಡಿತ್ತು.

"ಅಜ್ಜಿ, ನನಗ ಒಂದ ಮಾತು ಹೇಳಬಾರದೇನ್ರಿ? ಸೀದಾ ದಿಲ್ಲಿಗೆ ಹ್ವಾದ್ರಿ."

"ಆರು ಸಲ ಹೇಳೇನ್ರಿ ಸಾಹೇಬ್ರ. ಆರೂ ಸಲ ನೀವು ಮೊಬೈಲ್ ನೋಡಾಕತ್ತಿದ್ರಿ."

ಅವನು ಟೈಪು ಮಾಡಿದ ಕಾಗದ ಮುಂದಿಟ್ಟು ಸಹಿ ಕೇಳಿದ. ಸಾವಂತ್ರೆವ್ವ ಚಾಳೀಸು ಹಾಕಿಕೊಂಡು ಓದಿದಳು. ಅವಳು ಓದಿ ಮುಗಿಸುವಷ್ಟರಲ್ಲಿ ಅವನ ಚಹಾ ಆರಿತ್ತು. ‘ನನ್ನ ದೂರು ಸಮಾಧಾನಕರವಾಗಿ ಬಗೆಹರಿದಿದೆ’ ಎಂದಿತ್ತು.

"ಬಗೀಹರದೈತೇನ್ರಿ?"

"ಸಹಿ ಆದ್ರ ಫೈಲ್ ಮುಗಸ್ತೇನ್ರಿ. ಆಮ್ಯಾಲೆ ಗೇಟಿಂದು ನೋಡೂಣು. ಬೇಕಾದ್ರ ಐತವಾರ ಒಂದ ತಾಸು ತಗಸ್ತೇನಿ."

"ಐತವಾರ ನೋಡಿ ಸಾಯ್ರಿ ಅಂತ ಓಣ್ಯಾಗ ಡಂಗುರ ಹೊಡಸ್ಲೇನ್ರಿ?"

ಸಾವಂತ್ರೆವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟಳು.

"ವಿಚಾರ ಮಾಡ್ತೇನಿ."

"ಯಾವಾಗ ಕೊಡ್ತೀರಿ? ಈ ತಿಂಗಳದಾಗ ನಾ ದಿಲ್ಲಿಗೆ ಉತ್ತರ ಕೊಡಬೇಕ್ರಿ."

"ವಾಯಿದೆ ನಿಮಗ ಐತಿ. ನನಗಿಲ್ಲ."

ಆಮೇಲೆ ಅವನು ನಾಲ್ಕು ಸೋಮವಾರ ಬಂದು ಹೋಗಿದ್ದಾನೆ. ಗೇಟು ತೆರೆದಿಲ್ಲ, ಕಾಗದಕ್ಕೆ ಸಹಿ ಬಿದ್ದಿಲ್ಲ. ಸಾವಂತ್ರೆವ್ವ ಅವನಿಗೆ ಚಹಾ ಕೊಡುವುದನ್ನು ಬಿಟ್ಟಿದ್ದಾಳೆ.